ಫೆಲ್ಟನ್ ರೋಡ್ ಪಿನೋ ನುವಾರ್: ತಂಪು ಹವೆಯ ಪಾತ್ರವೇನು?

ಪ್ರಶ್ನೆ: ನ್ಯೂಜಿಲೆಂಡಿನ ಸೆಂಟ್ರಲ್ ಒಟಾಗೊ ಪ್ರದೇಶದ ಬ್ಯಾನಕ್‌ಬರ್ನ್‌ನಲ್ಲಿರುವ ಫೆಲ್ಟನ್ ರೋಡ್ ವೈನರಿಯ ಪಿನೋ ನುವಾರ್ (ಅದೇ ಹೆಸರಿನ ದ್ರಾಕ್ಷಿಯಿಂದ ಮಾಡುವ ಕೆಂಪು ವೈನ್) ತಿಳಿಗೆಂಪಾಗಿದ್ದರೂ ಅಷ್ಟೊಂದು ಪರಿಮಳ, ಹುಳಿ ಹೊಂದಿರಲು ಕಾರಣವೇನೆಂದು ಬಲ್ಲವರು ವಿವರಿಸುವಿರಾ?

ಉತ್ತರ 1: ಈ ದ್ರಾಕ್ಷಿಯ ಸಿಪ್ಪೆ ತೆಳುವಾದ್ದರಿಂದ ಬಣ್ಣ ಕಡಿಮೆ. ಸುಮಾರು 45 ಡಿಗ್ರಿ ದಕ್ಷಿಣ ಅಕ್ಷಾಂಶದ ಆ ಒಣ ಕಣಿವೆಯಲ್ಲಿ ಬೇಸಿಗೆಯ ಹಗಲು ಬೆಚ್ಚಗಿದ್ದು ರಾತ್ರಿ ಬಹಳ ತಣ್ಣಗಾಗುವುದರಿಂದ, ಹಣ್ಣು ಚೆನ್ನಾಗಿ ಮಾಗಿದರೂ ಹುಳಿ ಉಳಿದುಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಆ ವೈನಿನ ಜೀವವೇ ಈ ಹುಳಿ.

ಉತ್ತರ 2: ಹವೆಯಷ್ಟೇ ಕೆಲಸದ ಕ್ರಮವೂ ಮುಖ್ಯವೆಂದು ಸೇರಿಸಬಯಸುತ್ತೇನೆ. 1991ರಲ್ಲಿ ಸ್ಟೂವರ್ಟ್ ಎಲ್ಮ್ಸ್ ಅವರು ಆರಂಭಿಸಿ, 2000ದಲ್ಲಿ ನೈಜೆಲ್ ಗ್ರೀನಿಂಗ್ ಅವರು ಕೊಂಡ ಈ ಸಂಸ್ಥೆ ತೋಟಗಳನ್ನು ಬಯೋಡೈನಮಿಕ್ ಪದ್ಧತಿಯಲ್ಲಿ (ಒಂದು ಬಗೆಯ ಸಾವಯವ ಕೃಷಿ) ಬೆಳೆಸುತ್ತದೆ. ವೈನನ್ನು ಸಾಗಿಸಲು ಪಂಪಿನ ಬದಲು ಗುರುತ್ವವನ್ನು ನೆಚ್ಚಿ, ಹೊರಗಿನ ಯೀಸ್ಟ್ ಬೆರೆಸದೆ ಹುದುಗಿಸಿ, ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ಪಕ್ವಗೊಳಿಸುತ್ತದೆ.

ಪ್ರಶ್ನಿಸಿದವರು: ಧನ್ಯವಾದಗಳು. ಅವರ ವೈನ್‌ಗಳಿಗಿರುವ ಬ್ಲಾಕ್ 3, ಬ್ಲಾಕ್ 5 ಎಂಬ ಹೆಸರುಗಳ ಅರ್ಥವೇನು?

ಉತ್ತರ 2: ಅವು ಎಲ್ಮ್ಸ್ ತೋಟದ ಪ್ರತ್ಯೇಕ ತಾಕುಗಳು, ಅಲ್ಲಿನ ಹಣ್ಣನ್ನು ಬೇರೆಯಾಗಿಯೇ ಬಾಟಲಿಗೆ ತುಂಬುತ್ತಾರೆ.