ಅಪ್‌ಡೇಟ್: ಕ್ಲೇ ಗೊಂಬೆ ವಿಡಿಯೊದ ಮಿಣುಕಾಟ ನಿಂತಿತು

ಹೋದ ತಿಂಗಳು ಕೇಳಿದ್ದೆನಲ್ಲ, ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಡ್ರ್ಯಾಗನ್‌ಫ್ರೇಮ್ ಎಂಬ ಸಾಫ್ಟ್‌ವೇರಿನಲ್ಲಿ ಸ್ಟಾಪ್ ಮೋಷನ್ ಮಾಡುತ್ತಿದ್ದೇನೆ (ಕ್ಲೇ ಗೊಂಬೆಯನ್ನು ಚೂರುಚೂರೇ ಅಲುಗಿಸಿ ಒಂದೊಂದು ಫೋಟೊ ತೆಗೆದು, ಸಾಲಾಗಿ ಓಡಿಸಿ ನಡೆಸುವುದು), ಪ್ಲೇ ಮಾಡಿದರೆ ಬೆಳಕು ಮಿಣುಕುತ್ತದೆ ಅಂತ. ಅದರ ಮುಂದಿನ ಕಥೆ ಇದು.

ಐಎಸ್‌ಒ, ಶಟರ್, ವೈಟ್ ಬ್ಯಾಲೆನ್ಸ್, ಹೀಗೆ ಬೆಳಕು-ಬಣ್ಣದ ಸೆಟ್ಟಿಂಗ್ ಎಲ್ಲ ಕ್ಯಾಮೆರಾ ತಾನೇ ಬದಲಿಸದಂತೆ ಮ್ಯಾನ್ಯುಯಲ್ ಮಾಡಿ ಅಂದಿರಿ, ಮಾಡಿದೆ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದೆ. ಅರ್ಧ ವಾಸಿಯಾಯಿತು, ಅಷ್ಟೇ. ನಿಜವಾದ ಕಳ್ಳ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ! ಎಲೆಕ್ಟ್ರಾನಿಕ್ ಲೆನ್ಸಿನಲ್ಲಿ ಪ್ರತಿ ಫೋಟೊಗೂ ಅದರ ಬ್ಲೇಡುಗಳು ಮುಚ್ಚಿ ತೆರೆಯುತ್ತವೆ, ಪ್ರತಿ ಸಲ ಕೂದಲೆಳೆಯಷ್ಟು ವ್ಯತ್ಯಾಸ. ಬಿಡಿ ಫೋಟೊದಲ್ಲಿ ಗೊತ್ತೇ ಆಗಲ್ಲ, ಸೆಕೆಂಡಿಗೆ 12 ಫೋಟೊ ಓಡಿಸಿದಾಗ ಕಣ್ಣಿಗೆ ಹೊಡೆಯುತ್ತದೆ.

ನಿಮ್ಮಲ್ಲೊಬ್ಬರು ಹೇಳಿದಂತೆ ಹಳೆಯ ನಿಕಾನ್ ಮ್ಯಾನ್ಯುಯಲ್ ಲೆನ್ಸನ್ನು ಅಡಾಪ್ಟರ್ ರಿಂಗ್ ಹಾಕಿ ನನ್ನ ಕೆನಾನ್ ಬಾಡಿಗೆ ಕೂರಿಸಿದೆ. ಅಪರ್ಚರ್ ಉಂಗುರ ಒಮ್ಮೆ ಕೈಯಲ್ಲಿ ತಿರುಗಿಸಿಬಿಟ್ಟರೆ ಮುಗೀತು, ಕ್ಯಾಮೆರಾ ಅದರ ತಂಟೆಗೇ ಹೋಗಲ್ಲ. ಫೋಕಸ್ಸೂ ಕೈಯಲ್ಲೇ, ಆದರೆ ಲೈವ್ ವ್ಯೂ (ಪರದೆಯಲ್ಲಿ ಕಾಣುವ ನೇರ ಚಿತ್ರ) ದೊಡ್ಡದು ಮಾಡಿಕೊಂಡರೆ ಕಷ್ಟವಿಲ್ಲ.

ಆಮೇಲೂ ಒಂದೆರಡು ಕಡೆ ಮಿಣುಕು ಉಳಿದಿತ್ತು. ಹುಡುಕಿದರೆ ಕಾರಣ ನಾನೇ: ಬಿಳಿ ಅಂಗಿ ಹಾಕಿಕೊಂಡು ದೀಪದ ಪಕ್ಕ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿದ್ದೆ, ಅಂಗಿಯಿಂದ ಪುಟಿದ ಬೆಳಕು ಗೊಂಬೆಯ ಮೇಲೆ ಬೀಳುತ್ತಿತ್ತು. ಈಗ ಕಪ್ಪು ಟೀ ಶರ್ಟೇ ಯೂನಿಫಾರ್ಮ್.

ಡಮ್ಮಿ ಬ್ಯಾಟರಿಯನ್ನೂ ತಂದೆ (ಬ್ಯಾಟರಿಯ ಜಾಗದಲ್ಲಿ ಕೂತು ಗೋಡೆಯ ಪ್ಲಗ್ಗಿನಿಂದ ಕರೆಂಟು ಕೊಡುವಂಥದ್ದು). ಬ್ಯಾಟರಿ ಬದಲಿಸುವಾಗ ಕ್ಯಾಮೆರಾ ಅಲುಗಿ ಎರಡು ಶಾಟ್ ಹಾಳಾಗಿದ್ದವು.

ಇಷ್ಟಕ್ಕೂ ಆಗಿರುವುದು 96 ಫೋಟೊ, 8 ಸೆಕೆಂಡು. ಮಗಳು ನೋಡಿ "ಇಷ್ಟೇನಾ?" ಅಂದಳು. ಈಗಿನ ಹೊಸ ತಲೆನೋವು, ಹ್ಯಾಲೊಜೆನ್ ದೀಪದ ಶಾಖಕ್ಕೆ ಕ್ಲೇ ಮೆತ್ತಗಾಗಿ ಗೊಂಬೆಯ ಮೊಣಕಾಲು ಕುಸಿಯುತ್ತಿದೆ. ಅದನ್ನು ಬೇರೆಯಾಗಿಯೇ ಕೇಳುತ್ತೇನೆ.