ಆಜಿಯ ಮಾರ್ಗ ಎಲ್ಲಿಗೆ ಹೋಗತ್ತೆ, ಮಿಸ್?

ಹಿಂಜವಡಿ ಅಕ್ಕ:
ಶಿವಮೊಗ್ಗದವಳು, ಪುಣೆಯಲ್ಲಿ ಕೆಲಸ. ಭಾನುವಾರ ನಮ್ಮ ಕನ್ನಡ ಸಭೆಯಲ್ಲಿ ಸಂಡೇ ಸ್ಕೂಲ್ ನೋಡ್ಕೋತೀನಿ. ಹನ್ನೊಂದು ಮಕ್ಕಳು, ಕನ್ನಡ ಮಾತಾಡ್ತಾರೆ, ಓದೋಕೆ ಬರಲ್ಲ, ಹಾಗಾಗಿ ಎಲ್ಲಾ ಬಾಯಿಪಾಠವೇ. ಮೊನ್ನೆ ಬೈಬಲ್ಲಿನ ಯೋಹಾನ 14:6 ಹೇಳಿಸ್ತಿದ್ದೆ, ಯೇಸುವಿನ ಮಾತು: "ನಾನೇ ಮಾರ್ಗವೂ ಸತ್ಯವೂ ಜೀವವೂ ಆಗಿದ್ದೇನೆ." ಒಂಬತ್ತು ವರ್ಷದವಳೊಬ್ಬಳು ಕೈ ಎತ್ತಿದಳು. ಅಪ್ಪ ಹುಬ್ಬಳ್ಳಿ ಕಡೆ, ಅಮ್ಮ ಮರಾಠಿ. "ಮಿಸ್, ನಮ್ಮ ಆಜಿ ಪ್ರತಿ ವರ್ಷ ವಿಠೋಬನ ವಾರಿಗೆ ಹೋಗ್ತಾಳೆ, ಆಳಂದಿಯಿಂದ ಪಂಢರಪುರಕ್ಕೆ ನಡ್ಕೊಂಡೇ. ಅವಳ ಮಾರ್ಗ ಎಲ್ಲಿಗೆ ಹೋಗತ್ತೆ?"

ಮುಂದಿನ ವಾರ ಹೇಳ್ತೀನಿ ಅಂತ ತಪ್ಪಿಸ್ಕೊಂಡೆ. ಹಿರಿಯರೊಬ್ಬರನ್ನ ಕೇಳಿದ್ರೆ "ನಂಬಿದ್ರೆ ಸ್ವರ್ಗ, ಇಲ್ಲಾಂದ್ರೆ ನರಕ, ಇಷ್ಟೇ ಹೇಳಮ್ಮ" ಅಂದ್ರು. ಆ ಮಗು ರಾತ್ರಿ ಮಲಗೋದು ಆಜಿ ಪಕ್ಕದಲ್ಲೇ. ಏನು ಹೇಳ್ಲಿ?

ವಚನವೇ ಸಾಕು:
ಅಪೊಸ್ತಲರ ಕೃತ್ಯಗಳು 4:12 ಓದಿ ಸಿಸ್ಟರ್. ಬೇರೆ ಯಾರಲ್ಲೂ ರಕ್ಷಣೆ ಇಲ್ಲ. ಮಗು ಅಂತ ಸತ್ಯಕ್ಕೆ ನೀರು ಬೆರೆಸಬೇಡಿ.

ಖಡಕಿ ಮಾಸ್ತರ:
ವಚನ ಖರೇನ ಐತಿ. ಆದ್ರ ಯೇಸುವಿನ ಶಿಷ್ಯ ಪೇತ್ರ ಅದನ್ನ ಹೇಳಿದ್ದು ತನ್ನ ಹಿಡದು ತಂದು ನಿಲ್ಲಿಸಿದ ಅಧಿಕಾರಿಗಳ ಮುಂದ, ಕೂಸಿನ ಮುಂದಲ್ಲ. ಅದೇ ಪೇತ್ರ ಹತ್ತನೇ ಅಧ್ಯಾಯದಾಗ ಯೆಹೂದ್ಯನಲ್ಲದ ಕೊರ್ನೇಲ್ಯನ ಮನ್ಯಾಗ ನಿಂತು, ದೇವರು ಪಕ್ಷಪಾತಿ ಅಲ್ಲಂತ ಈಗ ತಿಳೀತು ಅಂತಾನ. ಅಪೊಸ್ತಲಗ ಅಷ್ಟು ಹೊತ್ತು ಹಿಡದೈತಿ, ನಿಮಗ ಒಂದು ವಾರ ಸಾಲೂದಿಲ್ಲ ತಂಗಿ.

ನನಗೂ ಇಂಥಾ ಪ್ರಶ್ನೆ ಬಂದಿತ್ತು. ನಾ ಪಟ್ಟನೆ ವಚನ ಒಗದೆ. ಆ ಹುಡುಗ ತಿಂಗಳಾನಗಟ್ಲೆ ಬರ್ಲಿಲ್ಲ. ಅವರಜ್ಜ ಆವಾಗ ಹಾಸಿಗಿ ಹಿಡಿದಿದ್ರಂತ. ನಾ ಕೇಳಿರ್ಲೇ ಇಲ್ಲ. ಅದಕ್ಕ ಮೊದಲು ಆಜಿ ಆರಾಮ ಅದಾಳೇನು ಅಂತ ಕೇಳ್ರಿ.

ಮತ್ತ ಈ ಪ್ರಶ್ನೆ ನಿಮ್ಮ ಸೀಮೆಗೆ ಹೊಸದೂ ಅಲ್ಲ. ಮರಾಠಿ ಕವಿ ನಾರಾಯಣ ವಾಮನ ಟಿಳಕ 1895ರಾಗ ಮುಂಬಯ್ಯಾಗ ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾದ್ರು. ತುಕಾರಾಮನ ಸೇತುವೆ ಮ್ಯಾಲಿಂದ ಕ್ರಿಸ್ತನ ಹತ್ರ ಬಂದೆ ಅಂತಿದ್ರು, ಅಂದ್ರ ಆ ಕೂಸಿನ ಆಜಿ ವಾರ್ಯಾಗ ಹಾಡೋ ಅದೇ ಅಭಂಗಗಳು. ಹೆಂಡತಿ ಲಕ್ಷ್ಮೀಬಾಯಿ ಮಾತ್ರ ಹಿಂದ ಬರ್ಲಿಲ್ಲ. ಮುಂದ ಒಂದೇ ಮನ್ಯಾಗ ಇದ್ದಾಗೂ ಗಂಡನ ಧರ್ಮ ಗಂಡಗ, ಆಕಿ ಮಡಿ ಆಕಿಗೆ. 1900ರಾಗ ತಾನಾಗೇ ದೀಕ್ಷಾಸ್ನಾನ ತಗೊಂಡ್ಲು.

ಮಾರ್ಗ ಅಂದ್ರ ಯೇಸುನೇ, ಅದನ್ನ ಮುಚ್ಚಿಡಬ್ಯಾಡ್ರಿ. ಆಜಿ ತೀರ್ಪು ನಮ್ಮ ಕೈಯಾಗಿಲ್ಲ, ಅದನ್ನೂ ಮುಚ್ಚಿಡಬ್ಯಾಡ್ರಿ. ಆದಿಕಾಂಡ 18ರ ಕಥಿ ಹೇಳ್ರಿ: ದೇವರು ನಾಶ ಮಾಡಾಕ ಹೊಂಟಿದ್ದ ಸೊದೋಮ್ ಊರಿನ ಸಲುವಾಗಿ ಅಬ್ರಹಾಮ ದೇವರ ಕೂಡ ಸಂತ್ಯಾಗ ನಿಂತಂಗ ಚೌಕಾಶಿ ಮಾಡಿ, ಊರು ಉಳೀಲಿಕ್ಕೆ ಬೇಕಾದ ನೀತಿವಂತರ ಲೆಕ್ಕಾನ ಐವತ್ತು ಮಂದಿಯಿಂದ ಹತ್ತಕ್ಕ ಇಳಿಸ್ತಾನ. ಲೋಕಕ್ಕೆಲ್ಲ ನ್ಯಾಯ ಮಾಡಾಂವ ನೀನು, ಅನ್ಯಾಯ ಮಾಡ್ತೀಯೇನು ಅಂತಾನ. ದೇವರು ಸಿಟ್ಟಾಗೂದಿಲ್ಲ.

ಅಂಧೇರಿ ಮಾಮಿ:
ನಾವು ಮಂಗಳೂರು ಕ್ಯಾಥೊಲಿಕರು. 1964ರಲ್ಲಿ ನಮ್ಮ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆಯೇ, ಲೂಮೆನ್ ಜೆಂಟಿಯುಮ್ ಅನ್ನೋ ತನ್ನ ದಾಖಲೆಯ 16ನೇ ಪರಿಚ್ಛೇದದಲ್ಲಿ, ತಮ್ಮ ತಪ್ಪಿಲ್ಲದೆ ಸುವಾರ್ತೆ ಅರಿಯದೆ ಪ್ರಾಮಾಣಿಕವಾಗಿ ದೇವರನ್ನು ಹುಡುಕುವವರಿಗೂ ರಕ್ಷಣೆ ಸಾಧ್ಯ ಅಂದಿದೆ. ನಮ್ಮ ಮನೆಯ ಮುದುಕಿಯರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಅದು ಬೇರೆ.

ವಚನವೇ ಸಾಕು:
ಅರಿಯದೆ ಅಂದ್ರೆ? ಅಳಿಯನೇ ಕ್ರೈಸ್ತ. ಆಜಿ ಕೇಳಿಯೇ ಇರ್ತಾರೆ.

ಖಡಕಿ ಮಾಸ್ತರ:
ಅಳಿಯನ್ನ ನೋಡಿ ಏನು ತಿಳಕೊಂಡಾಳೋ, ಅದನ್ನೂ ದೇವರು ಲೆಕ್ಕಕ್ಕ ಹಿಡೀತಾನ್ರಿ.

ಹಿಂಜವಡಿ ಅಕ್ಕ:
ನಿನ್ನೆ ಅಬ್ರಹಾಮನ ಕಥೆ ಹೇಳಿದೆ. ಆಜಿ ವಿಷಯ ನನಗೆ ಗೊತ್ತಿಲ್ಲ ಪುಟ್ಟ, ಯೇಸುವನ್ನೇ ಕೇಳು, ಅವನು ಬೈಯಲ್ಲ ಅಂದೆ. ಅವಳು ಸ್ವಲ್ಪ ಹೊತ್ತು ಬೆರಳು ಮಡಿಸ್ತಾ ಕೂತಿದ್ದಳು. "ಅಬ್ರಹಾಮ ಹತ್ತಕ್ಕೇ ಯಾಕೆ ನಿಲ್ಲಿಸಿದ? ನಾನಾಗಿದ್ರೆ ಒಂದಕ್ಕೆ ಇಳಿಸ್ತಿದ್ದೆ." ಹೊರಡುವಾಗ ಬಾಗಿಲಿನಿಂದ ವಾಪಸ್ ಬಂದು, ಆಜಿ ಪಂಢರಪುರದಿಂದ ಚುರುಮುರಿ, ಬತ್ತಾಸು ತಂದಾಗ ನಿಮಗೂ ತರ್ತೀನಿ ಅಂದಳು.

ಪ್ರಸಾದ ತಿನ್ನಬಹುದಾ ಅನ್ನೋದನ್ನ ಇಲ್ಲೇ ಕೇಳ್ಲಾ, ಬೇರೆ ಪೋಸ್ಟ್ ಹಾಕ್ಲಾ ಮಾಸ್ತರೇ?