ಕೆರೆ ಪಕ್ಕದ ಲೇಔಟ್‌ನಾಗೆ ಸೈಟು, ಮನೆ ಹಿಂಗೇ ಕಟ್ಬೇಕು ಅಂತ 14 ಪೇಜ್ ರೂಲ್ಸ್ ಕೊಟ್ಟಾರೆ, ಸೈನ್ ಹಾಕ್ಲಾ ಬೇಡ್ವಾ?

ಬೆಣ್ಣೆ_ಖಾಲಿ

ಎಲ್ರಿಗೂ ನಮಸ್ಕಾರ್ರೀ. ದಾವಣಗೆರೆ ಹೊರಗೆ ಒಂದು ಕೆರೆ ಪಕ್ಕ ಹೊಸ ಲೇಔಟ್ ಆಗೈತಿ, ಅದ್ರಾಗೆ 40-60 ಸೈಟಿಗೆ ಅಡ್ವಾನ್ಸ್ ಕೊಟ್ಟೀನಿ, ರಿಜಿಸ್ಟ್ರೇಷನ್ ಮುಂದಿನ ತಿಂಗಳು. ಬುಕ್ ಮಾಡುವಾಗ ಕೆರೆ ತೋರ್ಸಿ, ಸಂಜೆ ಗಾಳಿ ತೋರ್ಸಿ, ಮಿರ್ಚಿ ಮಂಡಕ್ಕಿ ತಿನ್ಸಿ ಕಳ್ಸಿದ್ರು. ಈಗ ಅಗ್ರಿಮೆಂಟ್ ಜೊತೆ 14 ಪೇಜಿನ ಇನ್ನೊಂದು ಕಟ್ಟು ಕೈಗಿಟ್ಟಾರೆ.

ಅದ್ರಾಗೆ ಏನೈತಿ ಅಂದ್ರೆ, ಎರಡೇ ಅಂತಸ್ತು, ಮುಂದೆ ಕಾಣೋ ಛಾವಣಿ ಇಳಿಜಾರು ಇರ್ಬೇಕು ಅದೂ ಹೆಂಚಿಂದೇ, ಬಣ್ಣ ಅವ್ರು ಕೊಟ್ಟ ಆರ್ರಾಗೆ ಒಂದು. ಕೆರೆ ಕಡೆ ಕಾಂಪೌಂಡ್ ಗೋಡೆ ಕಟ್ಟಂಗಿಲ್ಲ, 3 ಅಡಿ ಜಾಲರಿ ಇಲ್ಲಾ ಗಿಡದ ಬೇಲಿ. ಹಿಂದೆ 6 ಮೀಟರ್ ಖಾಲಿ ಬಿಡ್ಬೇಕು, ಅಲ್ಲಿ ಟೈಲ್ಸ್ ಹಾಕಂಗಿಲ್ಲ, ಸೈಟಿಗೆ ಮಣ್ಣು ಹೊಡ್ಸಿ ಎತ್ತರ ಮಾಡಂಗಿಲ್ಲ, ಪ್ಲಿಂತ್ (ಮನೆ ನೆಲಗಟ್ಟು) ಮಾತ್ರ ರಸ್ತೆಗಿಂತ 3 ಅಡಿ ಮೇಲೆ. ಸೆಪ್ಟಿಕ್ ಟ್ಯಾಂಕ್ ಇಲ್ಲ, ಎಲ್ಲಾ ಲೇಔಟಿನ ಎಸ್‌ಟಿಪಿಗೆ, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಘಟಕಕ್ಕೆ. ರಾತ್ರಿ ಕೆರೆ ಕಡೆ ಫೋಕಸ್ ಲೈಟ್ ಬಿಡಂಗಿಲ್ಲ!! ಡ್ರಾಯಿಂಗ್ ಮೊದ್ಲು ಅವ್ರ ಕಮಿಟಿ ನೋಡ್ಬೇಕಂತೆ, ಆಮೇಲೆ ದೂಡಾಗೆ (ನಗರಾಭಿವೃದ್ಧಿ ಪ್ರಾಧಿಕಾರಕ್ಕೆ), ಅದ್ಕೆ 1 ಲಕ್ಷ ಡಿಪಾಸಿಟ್ ಬೇರೆ.

60 ಅಡಿ ಉದ್ದದಾಗೆ 20 ಅಡಿ ಹಿಂದ್ಲೇ ಹೋದ್ರೆ ಮನೆ ಎಲ್ಲಿ ಕಟ್ಲಿ ಹೇಳ್ರಿ? ನಮ್ಮಪ್ಪ ರೊಕ್ಕ ನಮ್ದು ಜಾಗ ನಮ್ದು ಅಪ್ಪಣೆ ಯಾರ್ದೋ ಅಂತ ಒಂದೇ ಸಮ ಬೈತಾರೆ, ಮಾವ ನೈರುತ್ಯಕ್ಕೆ ನೀರೈತಿ ಬ್ಯಾಡ ಅಂತಾರೆ, ಕಂಟ್ರಾಕ್ಟರ್ ಆದ್ರೆ ಸುಮ್ನೆ ಸೈನ್ ಹಾಕ್ರಿ ಸರ, ಆಮೇಲೆ ರಾತ್ರೋರಾತ್ರಿ ಹತ್ತು ಲೋಡ್ ಗ್ರಾವಲ್ ಹೊಡ್ಸಿ ಕಾಂಪೌಂಡ್ ಎಬ್ಬಿಸಿಬಿಡಾನ ಅಂತಾನೆ. ಯಾರ ಮಾತು ಕೇಳ್ಲಿ?

ಎರೆಹೊಲದ_ಇಂಜಿನಿಯರ್

ಮೂರೂ ಜನದ್ದು ಕೇಳ್ಬ್ಯಾಡ್ರಿ, ಅದ್ರಾಗೂ ಆ ಕಂಟ್ರಾಕ್ಟರ್‌ದು.

ಹೆಂಚು, ಬಣ್ಣ ಇವೆಲ್ಲ ಬ್ರೋಷರ್ ಫೋಟೋ ಚಂದ ಕಾಣ್ಲಿ ಅಂತ ಮಾಡಿರೋ ರೂಲ್ಸು, ಅದ್ರ ಬಗ್ಗೆ ಜಗಳ ಆಡ್ರಿ ಬೇಕಾದ್ರೆ. ಆದ್ರೆ ನಿಮ್ಗೆ ಸಿಟ್ಟು ತರ್ಸಿರೋವು ನೋಡ್ರಿ, ಮಣ್ಣು ತುಂಬಂಗಿಲ್ಲ, ಗೋಡೆ ಇಲ್ಲ, ಟೈಲ್ಸ್ ಇಲ್ಲ, ಅವು ಯಾರೋ ನೀರು ಗೊತ್ತಿರೋನು ಬರ್ದಿದ್ದು. ಇಡೀ ಲೇಔಟಿನ ಮಳೆ ನೀರು ಕೆರೆ ಕಡೆಗೇ ಇಳೀಬೇಕು, ನೀವು ಹಿಂದೆ ಗಟ್ಟಿ ಗೋಡೆ ಎಬ್ಬಿಸಿದ್ರೆ ಅದು ನಿಮ್ ಹಿತ್ತಲಿಗೆ ಕಟ್ಟಿದ ಏರಿ ಆಗತ್ತೆ, ತೂಬಿಲ್ಲದ ಕೆರೆ! ಮಣ್ಣು ತುಂಬಿಸಿದ್ರೆ ನೀರು ಪಕ್ಕದ ಮನೆಯೋರ ಅಡುಗೆಮನೆಗೆ ಹೋಗತ್ತೆ, ಮುಂದಿನ ವರ್ಷ ಅವ್ರೂ ತುಂಬಿಸ್ತಾರೆ, ನಿಮ್ಗೆ ವಾಪಸ್ ಬರತ್ತೆ.

ಕೆರೆ ಅಂಚಿನ ಎರೆಮಣ್ಣು ಅಂದ್ರೆ ಹುಷಾರು, ನೀರು ಕುಡಿದ್ರೆ ಉಬ್ಬತ್ತೆ. ನಾಲ್ಕೈದು ವರ್ಷದ ಹಿಂದೆ ಒಬ್ರು ಏಪ್ರಿಲ್‌ನಾಗೆ ಪಾಯದ ಗುಂಡಿ ತೆಗ್ಸಿ, ಎಂಟಡಿ ಹೋದ್ರೂ ಒಣಗಿದ್ದಕ್ಕೆ ನೀರಿಲ್ಲ ಬಿಡು ಅಂತ ಸಾದಾ ಫುಟಿಂಗ್ ಹಾಕ್ಸಿದ್ರು. ಭದ್ರಾ ನಾಲೆ ಬಿಟ್ಟು ಸುತ್ತ ಭತ್ತ ನಾಟಿ ಆದ್ಮೇಲೆ ಅದೇ ಜಾಗದಾಗೆ ಮೂರಡಿಗೆ ನೀರು. ಎರಡನೇ ವರ್ಷ ನಾನು ನೋಡೋಕೆ ಹೋದಾಗ ಹಾಲ್ ಗೋಡೆ ಗಿಲಾವು ಸ್ವಿಚ್ ಬೋರ್ಡ್ ಎತ್ತರದ ತನಕ ಉಪ್ಪು ಹಿಡ್ದು ಬೆರಳಲ್ಲಿ ಮುಟ್ಟಿದ್ರೆ ರವೆ ಉದುರಿದಂಗೆ ಉದುರ್ತಿತ್ತು, ಬಾಗಿಲು ಚೌಕಟ್ಟು ಎತ್ತಿ ಬೋಲ್ಟ್ ಬೀಳ್ತಿರ್ಲಿಲ್ಲ. ಅಲ್ಲಿ ಬೇಕಿದ್ದಿದ್ದು ಅಂಡರ್‌ರೀಮ್ಡ್ ಪೈಲ್, ಅಂದ್ರೆ ನೆಲದೊಳಗೆ ಇಳಿಸೋ, ಕೆಳಗೆ ಗಡ್ಡೆ ಥರ ಉಬ್ಬಿರೋ ಕಾಂಕ್ರೀಟ್ ಕಂಬ, ಕಮ್ಮಿ ಅಂದ್ರೂ ಮೂರೂವರೆ ಮೀಟರ್ ಆಳ, ಗಡ್ಡೆ ಅಗಲ ಕಂಬದ ಎರಡೂವರೆ ಪಟ್ಟು. ಪ್ಲಿಂತ್ ಬೀಮ್ ಕೆಳಗೆ ಮೂರಿಂಚು ಖಾಲಿ ಬಿಡ್ಬೇಕು, ಮಣ್ಣು ಉಬ್ಬಿದ್ರೆ ಬೀಮ್ ಎತ್ತಬಾರ್ದು ಅಂತ. ಪೈಲಿಗೆ ಗುಂಡಿ ಕೊರ್ಸೋದು ಬೇಸಿಗೆನಾಗೇ, ನೀರಿದ್ದಾಗ ಗುಂಡಿ ಕುಸಿಯತ್ತೆ.

ಇಷ್ಟಕ್ಕೂ ಮೊದ್ಲು ಸೈಟು ಕೆರೆ ಬಫರ್ ಒಳಗೆ ಐತಾ ನೋಡ್ರಿ. ಕೆರೆ ಸಂರಕ್ಷಣಾ ಪ್ರಾಧಿಕಾರದ 2014ರ ಕಾಯ್ದೆ ಪ್ರಕಾರ ಕೆರೆ ಗಡಿಯಿಂದ 30 ಮೀಟರ್ ಕಟ್ಟಂಗಿಲ್ಲ. 2025ರಲ್ಲಿ ಸಣ್ಣ ಕೆರೆಗಳಿಗೆ ಇದನ್ನ ಕಮ್ಮಿ ಮಾಡೋ ತಿದ್ದುಪಡಿ ಸದನದಾಗೆ ಪಾಸಾಯ್ತು, ನಿಮ್ದು ದೊಡ್ಡ ಕೆರೆ ಅಂದ್ರೆ 30 ಅಂತ್ಲೇ ಇಟ್ಕೊಳ್ರಿ. ಗಡಿ ಅಂದ್ರೆ ಇವತ್ತು ನೀರು ನಿಂತಿರೋ ಅಂಚಲ್ಲ, ಸರ್ವೆ ನಕಾಶೆ ಗೆರೆ. ಫೋನ್‌ನಾಗೆ ದಿಶಾಂಕ್ ಆಪ್ ಹಾಕ್ಕೊಂಡು ಸೈಟ್ ಮೇಲೆ ನಿಂತ್ಕೊಂಡ್ರೆ ಯಾವ ಸರ್ವೆ ನಂಬರ್ರು ಅಂತ ತೋರಿಸ್ತೈತಿ, ಆಮೇಲೆ ಲೈಸೆನ್ಸ್ ಇರೋ ಸರ್ವೇಯರ್ ಕರ್ಕೊಂಡು ಹೋಗ್ರಿ.

ಶಾರ್ಲಟ್‌ನಿಂದ_ದಾವಣಗೆರೆ

ಗುರು ನಾನೂ ಪಿ.ಜೆ. ಬಡಾವಣೆ ಹುಡುಗನೇ, ಈಗ ಅಮೆರಿಕಾದ ನಾರ್ತ್ ಕೆರೋಲಿನಾದಲ್ಲಿ ಲೇಕ್ ನಾರ್ಮನ್ ಅಂತ ಒಂದು ದೊಡ್ಡ ಡ್ಯಾಮಿನ ಹಿನ್ನೀರು, ಅದ್ರ ಪಕ್ಕ ಇದೀನಿ. ನಿನ್ 14 ಪೇಜ್ ನೋಡಿ ನಗು ಬಂತು, ನಮ್ದು 60 ದಾಟತ್ತೆ. ಕಿಟಕಿ ಫ್ರೇಮ್ ಬಣ್ಣಕ್ಕೆ ಕಮಿಟಿ ನನ್ ಅರ್ಜಿ ಮೂರು ಸಲ ವಾಪಸ್ ಕಳಿಸ್ತು, ಬಿಳಿ ಅಂದ್ರೆ ಈ ಬಿಳಿ ಅಲ್ವಂತೆ, ಹೆಂಡ್ತಿ ಇನ್ನೂ ಆಡಿಕೊಳ್ತಾಳೆ.

ಆದ್ರೆ ಒಂದು ಇಲ್ಲಿಂದ ಕಲ್ತಿದ್ದು, ಅಳತೆ ಎಲ್ಲಿಂದ ಅಂತ ಯಾರಿಗೂ ಅನುಮಾನ ಇಲ್ಲ. ಕೆರೆ ಪೂರ್ತಿ ತುಂಬಿದ ಮಟ್ಟ ಸಮುದ್ರಮಟ್ಟದಿಂದ 760 ಅಡಿ, ಆ ಗೆರೆಯಿಂದ ದಡದ ಕಡೆ 50 ಅಡಿ ಮರಗಿಡ ಹಂಗೇ ಬಿಡ್ಬೇಕು, ಅದ್ರಲ್ಲಿ ನೀರಿನ ಕಡೆ 30 ಅಡಿ ಇನ್ನೂ ಬಿಗಿ. ಇದು ಕಮಿಟಿ ರೂಲ್ ಅಲ್ಲ, ರಾಜ್ಯದ ಕಾನೂನು. ದೋಣಿ ಕಟ್ಟೋ ಕಟ್ಟೆ ಬೇಕಂದ್ರೆ ಡ್ಯಾಮ್ ನಡೆಸೋ ವಿದ್ಯುತ್ ಕಂಪನಿ ಹತ್ರ ಪರ್ಮಿಷನ್ನು. ಕಮಿಟಿ ಹತ್ರ ಅತ್ತು ಕರ್ದು ಬಣ್ಣ ಬದಲಾಯಿಸ್ಬಹುದು, ಆ 760 ಮಾತ್ರ ಯಾರಪ್ಪನ ಹತ್ರನೂ ಅಲ್ಲಾಡಲ್ಲ. ನಿನ್ 14 ಪೇಜ್‌ನಲ್ಲಿ ಆ ಥರದ ಒಂದು ನಂಬರ್ ಇದೆಯಾ ನೋಡು. ಆ 6 ಮೀಟರ್ ಎಲ್ಲಿಂದ ಅಂತೆ? ಸೈಟ್ ಕಲ್ಲಿಂದನೋ, ಕೆರೆ ಗಡಿಯಿಂದನೋ?

ದುರ್ಗದ_ಗಾಳಿ

ನಾನು ಚಿತ್ರದುರ್ಗದೋಳು, ಶಾರ್ಲಟ್ ಅಣ್ಣ ಹೇಳಿದ್ದು ನಮ್ ಕಡೆ ಕಣ್ಣಾರೆ ನೋಡೀವಿ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಾಗೆ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ಕ್ಕೇ, 89 ವರ್ಷ! ಅಷ್ಟೊತ್ತಿಗೆ ನೀರು ಎಲ್ಲೀತಂಕ ಬರ್ತೈತೆ ಅನ್ನೋದು ಒಂದು ತಲೆಮಾರಿಗೇ ಮರ್ತೋಗಿತ್ತು, ಹೊಸದುರ್ಗದ ಕಡೆ ಹಿನ್ನೀರಿನ ತೋಟಕ್ಕೆ ನೀರು ನುಗ್ದಾಗ ಎಲ್ರಿಗೂ ದಿಗಿಲು. 2025ರಾಗೆ ಮತ್ತೆ ಕೋಡಿ ಬಿತ್ತು. ನಿಮ್ ಕೆರೆ ಏರಿ ಮೇಲೆ ಕೂತ್ಕೊಳ್ಳೋ ಮುದುಕ್ರು ಇದ್ರೆ ಕೋಡಿ ಬಿದ್ದ ವರ್ಷ ನೀರು ಎಲ್ಲಿತ್ತು ಅಂತ ಕೇಳಿ, ಕೈ ಮಾಡಿ ತೋರಿಸ್ತಾರೆ.

ಆದ್ರೆ ಇಂಜಿನಿಯರ್ ಸಾರು ರೂಲ್ಸ್ ಒಳ್ಳೇವು ಅಂದಿದ್ದಕ್ಕೆ ನಂದೊಂದು ತಕರಾರು. ಒಳ್ಳೇವೇ ಸ್ವಾಮಿ, ಪಾಲಿಸೋರು ಯಾರು? ನಮ್ ಅಕ್ಕ ಇರೋ ಲೇಔಟ್‌ನಾಗೂ ಹಿಂಗೇ ಪುಸ್ತಕ ಕೊಟ್ಟಿದ್ರು, ಮೊದ್ಲು ಮುರಿದೋರು ಡೆವಲಪರ್ರೇ, ನೀರಿನ ಅಂಚಿಗೆ ಕ್ಲಬ್‌ಹೌಸು! ಎಸ್‌ಟಿಪಿ ಮೋಟ್ರು ಸುಟ್ಟು ಆರು ತಿಂಗ್ಳಾದ್ರೂ ಕೇಳೋರಿಲ್ಲ, ಸೈಟ್ ಎಲ್ಲ ಮಾರಿ ಆಫೀಸೇ ಎತ್ಕೊಂಡು ಹೋಗಿದ್ರು. ಸೈನ್ ಹಾಕೋಕೆ ಮುಂಚೆ ಕೇಳಿ, ಈ ಕಮಿಟಿನಾಗೆ ಸೈಟ್‌ದಾರರು ಎಷ್ಟು ಜನ, ಸಂಘಕ್ಕೆ ಯಾವಾಗ ಬಿಟ್ಕೊಡ್ತೀರಿ, ಡಿಪಾಸಿಟ್ ಎಷ್ಟು ದಿನಕ್ಕೆ ವಾಪಸ್ಸು. ರೇರಾದಾಗೆ, ಅಂದ್ರೆ ಬಿಲ್ಡರ್‌ಗಳ ಮೇಲೆ ಕಣ್ಣಿಡೋ ಸರ್ಕಾರಿ ಪ್ರಾಧಿಕಾರದಾಗೆ, ಲೇಔಟ್ ರಿಜಿಸ್ಟರ್ ಆಗಿದ್ರೆ ಮಂಜೂರಾದ ಲೇಔಟ್ ಪ್ಲಾನು ಆನ್‌ಲೈನ್‌ನಾಗೆ ಸಿಗ್ತೈತೆ, ಅದನ್ನ ಅವ್ರು ಬದಲಾಯಿಸ್ಬೇಕಂದ್ರೆ ಸೈಟ್ ತಗೊಂಡೋರಾಗೆ ಮೂರ್ರಲ್ಲಿ ಎರಡು ಪಾಲು ಜನ ಒಪ್ಪಬೇಕು.

ವಾಸ್ತು ಬಗ್ಗೆ ನಾನೇನೂ ಹೇಳಲ್ಲ, ನಮ್ಮತ್ತೆನೂ ಇದೇ ಗ್ರೂಪ್‌ನಾಗೆ ಇದಾರೆ 🙏

ಬೆಣ್ಣೆ_ಖಾಲಿ

ಎಲ್ರಿಗೂ ಥ್ಯಾಂಕ್ಸ್ ರೀ, ಭಾನುವಾರ ಸರ್ವೇಯರ್ ಕರ್ಕೊಂಡು ಹೋಗಿದ್ದೆ. ಶಾರ್ಲಟ್ ಅಣ್ಣ ಕೇಳಿದ್ದು ಸರಿ ಇತ್ತು, ಆ 6 ಮೀಟರ್ ಸೈಟ್ ಕಲ್ಲಿಂದ. ಕೆರೆ ಗಡಿ ಕಲ್ಲಿಂದ ನನ್ ಸೈಟಿನ ಹಿಂದಿನ ಗೆರೆಗೆ ಟೇಪ್ ಹಿಡಿದ್ರೆ 34 ಮೀಟರ್, ನಾಲ್ಕು ಮೀಟರ್‌ನಾಗೆ ಬಚಾವ್. ಆದ್ರೆ ಅದೇ ಸಾಲಿನ ಮೂಲೆ ಸೈಟುಗಳ ಹತ್ರ ಕೆರೆ ಗಡಿ ಲೇಔಟ್ ಕಡೆ ಬಾಗೈತಿ, ಅಲ್ಲಿ 21 ಬಂತು, ಅವು ಆಗ್ಲೇ ಮಾರಿಬಿಟ್ಟಾರೆ. ತಗೊಂಡೋರಲ್ಲಿ ಒಬ್ರ ನಂಬರ್ ಸಿಕ್ತು, ಹೇಳಿದ್ರೆ ನಂಬ್ಲಿಲ್ಲ, ಟೇಪ್ ಫೋಟೋ ಕಳ್ಸಿದ್ಮೇಲೆ ಫೋನ್ ಮಾಡಿದ್ರು.

ಹತ್ತಿರದ ಕ್ಯಾಂಪಿನ ಒಬ್ಬ ಅಜ್ಜನ್ನ ಕೇಳ್ದೆ, ಕೋಡಿ ಬಿದ್ದಾಗ ನೀರು ಈಗಿನ ಲೇಔಟ್ ಪಾರ್ಕ್ ಬೆಂಚಿನ ತನಕ ಬರತ್ತಂತೆ. ಪಾರ್ಕಿನಿಂದ ನನ್ ಸೈಟಿಗೆ ಏರು ಐತಿ, ಎಷ್ಟಡಿ ಅಂತ ಲೆವೆಲ್ ಹಿಡ್ಸಬೇಕು. ಕಂಟ್ರಾಕ್ಟರ್‌ಗೆ ಗ್ರಾವಲ್ ಬ್ಯಾಡ ಅಂದಿದ್ದಕ್ಕೆ ಮುಖ ಊದಿಸ್ಕೊಂಡಾನೆ, ಪೈಲ್ ಅಂದಿದ್ದಕ್ಕೆ ಇನ್ನೂ. ಡಿಪಾಸಿಟ್, ಸಂಘದ ವಿಷ್ಯ ಬರೆದು ಕೊಡ್ರಿ ಅಂತ ಡೆವಲಪರ್‌ಗೆ ಮೇಲ್ ಹಾಕೀನಿ, ಉತ್ರ ಬಂದಿಲ್ಲ. ಬರೋತನಕ ಸೈನ್ ಇಲ್ಲ.

ದಾವಣಗೆರೆ ಹರಿಹರ ಸುತ್ತ ಅಂಡರ್‌ರೀಮ್ಡ್ ಪೈಲ್ ಹೊಡೆಯೋರು ಯಾರಾದ್ರೂ ಗೊತ್ತಿದ್ರೆ ಮೆಸೇಜ್ ಮಾಡ್ರಿ, ರನ್ನಿಂಗ್ ಫೂಟಿಗೆ ಎಷ್ಟು ತಗೋತಾರೆ ಅಂತನೂ.